ಪರಾಧಾರ ಮತ್ತು ಮೂಲಭಂಡಾರ: ಕನ್ನಡ ಅಕ್ಷರಗಣನೆಯ ಹಿನ್ನೆಲೆಯಲ್ಲಿ

ಶಿವಾಜಿನಗರದ ಗುಜರಿ ಅಂಗಡಿಗಳಿಂದ ಬಿಡಿಭಾಗ ತಂದು ಗಾಡಿ ದುರಸ್ತಿ ಮಾಡುವ ಮೆಕ್ಯಾನಿಕ್‌ಗೆ ಎರವಲು ಭಾಗವೇ ದೋಷವಲ್ಲ. ಅದು ಎಲ್ಲಿಯದು, ಕೆಟ್ಟರೆ ಸರಿಪಡಿಸಬಲ್ಲವರು ಯಾರು ಎಂಬುದು ಅವನ ಪ್ರಶ್ನೆ. ಇಂದಿರಾನಗರ, ಕೆ.ಆರ್. ಪುರಗಳ ಕಡೆಯ ತಂತ್ರಾಂಶ ಕಚೇರಿಗಳಲ್ಲಿಯೂ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ: ಪ್ರೋಗ್ರಾಮಿಂಗ್ ಭಾಷೆಯೊಡನೆಯೇ ಬರುವ ಮೂಲಭಂಡಾರ, ಅಂದರೆ ಸ್ಟ್ಯಾಂಡರ್ಡ್ ಲೈಬ್ರರಿ, ಹೊರಗಿನವರ ಕೋಡನ್ನು ನಂಬಬಹುದೆ?

ನಂಬಬಹುದೆಂಬ ಪಕ್ಷಕ್ಕೆ ಬಲವಾದ ನಿದರ್ಶನಗಳಿವೆ. ಪೈಥಾನ್ ಭಾಷೆಯು 2006ರಲ್ಲಿ ತನ್ನ ಭಂಡಾರಕ್ಕೆ ಸೇರಿಸಿಕೊಂಡ ದತ್ತಸಂಚಯ ಘಟಕವು ಎಸ್‌ಕ್ಯೂಲೈಟ್ ಎಂಬ ಪ್ರತ್ಯೇಕ ತಂತ್ರಾಂಶವನ್ನು ಆಧರಿಸಿದೆ. ರಸ್ಟ್ ಭಾಷೆಯು 2019ರಲ್ಲಿ ತನ್ನ ಹ್ಯಾಶ್‌ಮ್ಯಾಪ್‌ಗೆ ಹ್ಯಾಶ್‌ಬ್ರೌನ್ ಎಂಬ ಪ್ರತ್ಯೇಕ ಕೋಡನ್ನು ಅಳವಡಿಸಿಕೊಂಡಿತು. ನುರಿತವರು ಮಾಡಿದ್ದನ್ನು ಮತ್ತೆ ಮಾಡುವುದು ವ್ಯರ್ಥಶ್ರಮವೆಂಬುದು ಇಲ್ಲಿಯ ವಾದ. ಆದರೆ ಓಪನ್‌ಎಸ್‌ಎಸ್‌ಎಲ್‌ನಲ್ಲಿ 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವು ಅದನ್ನು ಆಧರಿಸಿದ್ದ ಅಸಂಖ್ಯ ತಂತ್ರಾಂಶಗಳನ್ನು ಒಮ್ಮೆಗೇ ಅಪಾಯಕ್ಕೆ ಒಡ್ಡಿತು. ಇದಕ್ಕೆ ವಿರುದ್ಧವಾದ ಪಾಠವೂ ಉಂಟು. ಜಾವಾಸ್ಕ್ರಿಪ್ಟ್‌ನ ಮೂಲಭಂಡಾರದಲ್ಲಿ ಅಕ್ಷರಸಾಲನ್ನು ಎಡಕ್ಕೆ ತುಂಬುವ ಸೌಲಭ್ಯ ಇಲ್ಲದಿದ್ದುದರಿಂದ, ಹನ್ನೊಂದು ಸಾಲುಗಳ ಲೆಫ್ಟ್‌ಪ್ಯಾಡ್ ಅನ್ನು 2016ರಲ್ಲಿ ಅದರ ಕರ್ತೃ ಹಿಂತೆಗೆದಾಗ ಅನೇಕ ಯೋಜನೆಗಳು ನಿಂತುಹೋದವು. ಭಂಡಾರ ಬಡವಾದರೆ ಬಳಕೆದಾರರೇ ಪರಾಧೀನರಾಗುತ್ತಾರೆ.

ಕನ್ನಡ ಸಂಶೋಧಕರಿಗೆ ಇದು ದೂರದ ಚರ್ಚೆಯಲ್ಲ. ತ್ರಿಪದಿಗಳ ಅಕ್ಷರಸಂಖ್ಯೆಯನ್ನು ಗಣಕದಿಂದ ಎಣಿಸಲು ಹೊರಟವರಿಗೆ ಮೊದಲ ತೊಡಕು ಭಂಡಾರದಲ್ಲಿಯೇ ಎದುರಾಗುತ್ತದೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಪೈಥಾನ್ ಸಂಕೇತಗಳನ್ನು ಎಣಿಸಿ ಆರು ಎನ್ನುತ್ತದೆ. ಯೂನಿಕೋಡ್‌ನ ಸಾಮಾನ್ಯ ವಿಭಜನ ನಿಯಮದಂತೆ ಮೂರು. 2023ರ ಯೂನಿಕೋಡ್ 15.1 ಆವೃತ್ತಿಯು ಸಂಯುಕ್ತಾಕ್ಷರಗಳನ್ನು ಒಡೆಯದಿರುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಲಿಪಿಗಳಿಗೆ ತಂದಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಸೋದರ ಲಿಪಿಯಾದ ತೆಲುಗಿಗೆ ದೊರೆತದ್ದು ನಮಗೆ ದೊರೆಯಲಿಲ್ಲವೆಂಬುದು ಗಮನಾರ್ಹ.

ಸ್ವಿಫ್ಟ್ ಭಾಷೆಯು 2022ರಲ್ಲಿ ತನ್ನ ಮೂಲಭಂಡಾರವನ್ನು ಐಸಿಯು ಎಂಬ ಹೊರಗಿನ ಕೋಡಿನ ಆಧಾರದಿಂದ ಬಿಡಿಸಿಕೊಂಡು ಯೂನಿಕೋಡ್ ಕಾರ್ಯಗಳನ್ನು ತಾನೇ ರಚಿಸಿಕೊಂಡಿತು. ಆದರೂ ಅಕ್ಷರಗುಣಗಳ ಮಾಹಿತಿ ಯೂನಿಕೋಡ್‌ನದೇ. ಕೋಡಿನ ಅವಲಂಬನೆ ಕಳಚಿದರೂ ಮಾನಕದ ಅವಲಂಬನೆ ಕಳಚದು.

ಆದುದರಿಂದ ಹೊರಗಿನದನ್ನು ಸ್ವೀಕರಿಸಬೇಕೆ ಎಂಬುದಕ್ಕಿಂತ, ಸ್ವೀಕರಿಸಿದ್ದನ್ನು ತಿದ್ದುವ ಅಧಿಕಾರ ಮತ್ತು ಸಾಮರ್ಥ್ಯ ಯಾರಲ್ಲಿವೆ ಎಂಬುದು ಮುಖ್ಯ. ಮೂಲಭಂಡಾರಕ್ಕೆ ಸೇರುವ ಪರರ ಕೋಡು ಕಡಿಮೆಯಿರಬೇಕು, ಅದರ ಪ್ರತಿಯನ್ನು ಭಂಡಾರದವರೇ ಕಾಯ್ದುಕೊಳ್ಳಬೇಕು. ಮಾನಕ ರೂಪುಗೊಳ್ಳುವಲ್ಲಿಯೇ ಕನ್ನಡದ ಛಂದಸ್ಸು ಮತ್ತು ಲಿಪಿಗಳನ್ನು ಬಲ್ಲ ವಿದ್ವಾಂಸರು ಭಾಗವಹಿಸದಿದ್ದರೆ, ನಮ್ಮ ಅಕ್ಷರಗಳ ಲೆಕ್ಕವನ್ನು ಬೇರೆಯವರೇ ನಿರ್ಧರಿಸುತ್ತಾರೆ.