ಅಂಗಾರಕನ ಸಾಮೀಪ್ಯವೂ ಥಾಣೆಯ ಆಕಾಶವೂ

ಬರಿಗಣ್ಣಿಗೆ ಕಾಣುವ ಗ್ರಹಗಳೈದರಲ್ಲಿ ಹವ್ಯಾಸಿ ವೀಕ್ಷಕನ ತಾಳ್ಮೆಯನ್ನು ಮಂಗಳನಷ್ಟು ಪರೀಕ್ಷಿಸುವ ಗ್ರಹ ಮತ್ತೊಂದಿಲ್ಲ. ಗುರುವಿನ ಪಟ್ಟೆಗಳೂ ಶನಿಯ ಬಳೆಯೂ ವರ್ಷದ ಹಲವು ತಿಂಗಳು ಸಣ್ಣ ದೂರದರ್ಶಕಕ್ಕೂ ಗೋಚರಿಸುತ್ತವೆ. ಮಂಗಳನಾದರೋ ಎರಡು ವರ್ಷಗಳಿಗೊಮ್ಮೆ, ಕೆಲವು ವಾರಗಳ ಮಟ್ಟಿಗೆ ಮಾತ್ರ ತನ್ನ ಮೈಯ ವಿವರಗಳನ್ನು ತೋರಿಸಿ, ಉಳಿದ ಕಾಲವೆಲ್ಲ ಕೆಂಪು ಚುಕ್ಕೆಯಾಗಿಯೇ ಇರುತ್ತಾನೆ. ಈ ಅಲ್ಪಾವಧಿಗೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಆಕಾಶವು ಎಷ್ಟರ ಮಟ್ಟಿಗೆ ಅನುಕೂಲ, ಎಷ್ಟರ ಮಟ್ಟಿಗೆ ಪ್ರತಿಕೂಲ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಗತಿಯ ವಿಚಾರ. ಭೂಮಿಯು ಸೂರ್ಯನನ್ನು ೩೬೫¼ ದಿನಗಳಲ್ಲಿ ಸುತ್ತಿದರೆ ಮಂಗಳನಿಗೆ ೬೮೭ ದಿನಗಳು ಬೇಕು. ಇದು ಹೊಸ ಕಾಲದ ಶೋಧವೇನೂ ಅಲ್ಲ. ೪೩,೨೦,೦೦೦ ವರ್ಷಗಳ ಯುಗವೊಂದರಲ್ಲಿ ಕುಜನು ೨೨,೯೬,೮೨೪ ಸುತ್ತುಗಳನ್ನು ಮುಗಿಸುವನೆಂದು ಆರ್ಯಭಟನು ಹೇಳಿದ್ದಾನೆ. ಲೆಕ್ಕ ಮಾಡಿದರೆ ಒಂದು ಸುತ್ತಿಗೆ ಬರುವುದು ಅದೇ ೬೮೭ ದಿನ. ಒಳಹಾದಿಯಲ್ಲಿ ವೇಗವಾಗಿ ಚಲಿಸುವ ಭೂಮಿಯು ಸುಮಾರು ೭೮೦ ದಿನಗಳಿಗೊಮ್ಮೆ ಮಂಗಳನನ್ನು ಹಿಂದೆ ಹಾಕಿ ಮುಂದೆ ಸಾಗುತ್ತದೆ. ಆಗ ಸೂರ್ಯ, ಭೂಮಿ, ಮಂಗಳ ಮೂವರೂ ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿರುತ್ತಾರೆ. ಇದೇ ವಿಯುತಿ. ಆ ದಿನಗಳಲ್ಲಿ ಮಂಗಳನು ಸೂರ್ಯಾಸ್ತಕ್ಕೆ ಉದಯಿಸಿ, ನಡುರಾತ್ರಿ ನೆತ್ತಿಯ ಸಮೀಪಕ್ಕೆ ಬರುತ್ತಾನೆ. ಥಾಣೆಯ ಪ್ರದೇಶವು ಭಾರತೀಯ ಕಾಲಮಾನದ ರೇಖೆಗಿಂತ ಬಹಳ ಪಶ್ಚಿಮದಲ್ಲಿರುವುದರಿಂದ ಇಲ್ಲಿಯ ನಿಜವಾದ ನಡುರಾತ್ರಿ ಗಡಿಯಾರದಲ್ಲಿ ಸುಮಾರು ೧೨-೪೦ಕ್ಕೆ ಬರುತ್ತದೆಂಬುದನ್ನು ವೀಕ್ಷಕನು ನೆನಪಿನಲ್ಲಿಡತಕ್ಕದ್ದು.

ಮನೆಯ ಪಂಚಾಂಗವೂ ಈ ಕಾಲವನ್ನು ಸೂಚಿಸದೆ ಇರುವುದಿಲ್ಲ. ಅದರಲ್ಲಿ ಕುಜನ ವಕ್ರಾರಂಭ, ವಕ್ರತ್ಯಾಗಗಳ ತಿಥಿಗಳಿರುತ್ತವೆ. ಭೂಮಿಯು ಮುಂದೆ ಹಾಯುವಾಗ ಮಂಗಳನು ಹಿಂದಕ್ಕೆ ಸರಿದಂತೆ ತೋರುವುದೇ ವಕ್ರಗತಿ. ಅದರ ನಟ್ಟನಡುವೆ ವಿಯುತಿ ಬರುತ್ತದೆ. ೨೦೨೪ರ ಡಿಸೆಂಬರ್ ೭ರ ಸುಮಾರಿಗೆ ವಕ್ರಿಯಾದ ಮಂಗಳನು ೨೦೨೫ರ ಫೆಬ್ರುವರಿ ೨೪ರ ಸುಮಾರಿಗೆ ಮಾರ್ಗಿಯಾದನು. ವಿಯುತಿಯು ಜನವರಿ ೧೬ರಂದು ಸಂಭವಿಸಿತು. ದೂರದರ್ಶಕವನ್ನು ಹೊರತೆಗೆಯುವ ಕಾಲವನ್ನು ತಿಳಿಯಲು ಪಂಚಾಂಗದ ಒಂದು ಪುಟ ಸಾಕು.

ಆದರೆ ಎಲ್ಲ ವಿಯುತಿಗಳೂ ಸಮಾನವಲ್ಲ. ಮಂಗಳನ ಕಕ್ಷೆ ನೀಳವಾದ ವೃತ್ತ. ಸೂರ್ಯನಿಂದ ಅವನ ದೂರವು ೨೦.೭ ಕೋಟಿ ಕಿಲೋಮೀಟರಿನಿಂದ ೨೪.೯ ಕೋಟಿಯವರೆಗೆ ಹೆಚ್ಚು ಕಡಿಮೆಯಾಗುತ್ತದೆ. ಅವನು ಸೂರ್ಯನಿಗೆ ಸಮೀಪದಲ್ಲಿದ್ದಾಗ ವಿಯುತಿ ಒದಗಿದರೆ ಭೂಮಿಗೂ ಹತ್ತಿರ, ಇಲ್ಲವಾದರೆ ದೂರ. ೨೦೦೩ರ ಆಗಸ್ಟ್ ೨೭ರಂದು ಅವನು ೫.೫೮ ಕೋಟಿ ಕಿಲೋಮೀಟರಿನಷ್ಟು ಹತ್ತಿರ ಬಂದಿದ್ದನು. ಸುಮಾರು ಅರುವತ್ತು ಸಾವಿರ ವರ್ಷಗಳಲ್ಲಿ ಅಷ್ಟು ಸಾಮೀಪ್ಯ ಒದಗಿರಲಿಲ್ಲ. ಅಂದು ಅವನ ಬಿಂಬದ ವ್ಯಾಸ ೨೫ ವಿಕಲೆ. ೨೦೨೫ರ ಜನವರಿಯಲ್ಲಿ ದೂರ ೯.೬ ಕೋಟಿ ಕಿಲೋಮೀಟರು, ಬಿಂಬ ೧೪.೬ ವಿಕಲೆ. ೨೦೨೭ರ ಫೆಬ್ರುವರಿ ೧೯ರ ವಿಯುತಿಯಲ್ಲಿ ದೂರ ೧೦.೧ ಕೋಟಿ, ಬಿಂಬ ೧೩.೮ ವಿಕಲೆ ಮಾತ್ರ.

ಇಲ್ಲಿಯೇ ಕೊಂಕಣದ ವೀಕ್ಷಕನ ಕಷ್ಟವಿರುವುದು. ಮಂಗಳನ ಕಕ್ಷೆಯ ನೀಚಬಿಂದುವಿನ ದಿಕ್ಕನ್ನು ಭೂಮಿಯು ಪ್ರತಿವರ್ಷ ಆಗಸ್ಟ್ ಕೊನೆಗೆ ಹಾಯುತ್ತದೆ. ಆದಕಾರಣ ೧೫ ಅಥವಾ ೧೭ ವರ್ಷಗಳಿಗೊಮ್ಮೆ ಬರುವ ಅತಿ ಸಮೀಪದ ವಿಯುತಿಗಳೆಲ್ಲ ಜುಲೈಯಿಂದ ಸೆಪ್ಟೆಂಬರಿನೊಳಗೇ, ಎಂದರೆ ಸಹ್ಯಾದ್ರಿಯ ಈಚೆಗೆ ಮುಂಗಾರು ಮೋಡ ಕವಿದಿರುವ ತಿಂಗಳುಗಳಲ್ಲೇ ಬೀಳುತ್ತವೆ. ೨೦೦೩ರದು ಆಗಸ್ಟಿನಲ್ಲಿ, ೨೦೧೮ರದು ಜುಲೈ ೨೭ರಂದು, ಮುಂದಿನದು ೨೦೩೫ರ ಸೆಪ್ಟೆಂಬರಿನಲ್ಲಿ. ೨೦೧೮ರಲ್ಲಿಯಂತೂ ಇಲ್ಲಿಯ ಮೋಡದೊಡನೆ ಅಲ್ಲಿಯ ಧೂಳೂ ಸೇರಿತು: ಜೂನಿನಿಂದ ಮಂಗಳವನ್ನೆಲ್ಲ ಆವರಿಸಿದ ಧೂಳಿನ ಬಿರುಗಾಳಿಯು, ಮೋಡವಿಲ್ಲದ ದೇಶಗಳ ವೀಕ್ಷಕರಿಗೂ ಹಳದಿ ಬಿಂಬವೊಂದನ್ನಲ್ಲದೆ ಬೇರೇನನ್ನೂ ಉಳಿಸಲಿಲ್ಲ.

ಹಾಗಾದರೆ ಇಲ್ಲಿಯವನು ನಿರಾಶನಾಗಬೇಕೆ? ಬೇಕಿಲ್ಲ. ದೂರದ ವಿಯುತಿಗಳು ಚಳಿಗಾಲದಲ್ಲಿ ಬರುತ್ತವೆ. ಆಗ ಆಕಾಶ ನಿರಭ್ರ. ಮಂಗಳನೂ ಉತ್ತರದ ರಾಶಿಗಳಲ್ಲಿದ್ದು, ೧೯ ಅಂಶದ ಅಕ್ಷಾಂಶದ ಈ ಊರುಗಳಿಗೆ ಬಹುಮಟ್ಟಿಗೆ ನೆತ್ತಿಯ ಮೇಲೆಯೇ ಹಾಯುತ್ತಾನೆ. ೨೦೧೮ರಲ್ಲಿ ಅವನು ಇಲ್ಲಿ ೪೫ ಅಂಶ ಮಾತ್ರ ಮೇಲೇರಿದ್ದನು. ೨೦೨೫ರಲ್ಲಿ ೮೪ ಅಂಶ. ಎತ್ತರ ಹೆಚ್ಚಿದಷ್ಟೂ ಅವನ ಬೆಳಕು ಹಾದುಬರಬೇಕಾದ ವಾಯುವಿನ ದಪ್ಪ ಕಡಿಮೆ. ಬಿಂಬದ ನಡುಕವೂ ಕಡಿಮೆ. ೧೪.೬ ವಿಕಲೆಯ ಬಿಂಬವನ್ನು ೧೫೦ ಪಟ್ಟು ಹಿಗ್ಗಿಸಿದರೆ ೩೬ ಕಲೆಗಳಾಗುತ್ತವೆ. ಬರಿಗಣ್ಣಿನ ಚಂದ್ರನಿಗಿಂತ ಅದು ತುಸು ದೊಡ್ಡದೇ. ಎರಡೂ ಅನುಕೂಲಗಳು ಕೂಡಿಬಂದದ್ದು ೨೦೨೦ರ ಅಕ್ಟೋಬರಿನಲ್ಲಿ: ಮಳೆ ಹಿಂತೆಗೆಯುವ ಕಾಲ, ೨೨.೬ ವಿಕಲೆಯ ಬಿಂಬ, ೭೬ ಅಂಶದ ಎತ್ತರ.

ನಗರದ ದೀಪಗಳ ವಿಷಯದಲ್ಲಿ ತಪ್ಪು ತಿಳಿವಳಿಕೆಯೊಂದುಂಟು. ನೀಹಾರಿಕೆಗಳನ್ನೂ ಮಂದ ನಕ್ಷತ್ರಗುಚ್ಛಗಳನ್ನೂ ಅರಸುವವರಿಗೆ ಕತ್ತಲು ಅನಿವಾರ್ಯ. ಅದಕ್ಕಾಗಿಯೇ ಖಗೋಳ ಮಂಡಲದಂಥ ಸಂಸ್ಥೆಗಳು ಬದಲಾಪುರದಾಚೆ ಕರ್ಜತ್ ಮಾರ್ಗದ ವಾಂಗಣಿಯಲ್ಲಿ ರಾತ್ರಿಯಿಡೀ ವೀಕ್ಷಣೆಯನ್ನು ಏರ್ಪಡಿಸುತ್ತ ಬಂದಿವೆ. ಮಂಗಳನಿಗೆ ಆ ಪ್ರಯಾಣ ಬೇಡ. ವಿಯುತಿಯ ದಿನಗಳಲ್ಲಿ ಅವನು ಬೀದಿದೀಪಕ್ಕೆ ಅಂಜುವವನಲ್ಲ; ಅವನ ಶತ್ರು ಬೆಳಕಲ್ಲ, ಅಲೆಯುವ ಗಾಳಿ. ಹಗಲೆಲ್ಲ ಕಾದ ಕಾಂಕ್ರೀಟಿನ ತಾರಸಿಯಿಂದ ಸಂಜೆಗೆ ಬಿಸಿಗಾಳಿ ಏಳುತ್ತಿರುವಾಗ ಎಂಥ ದೂರದರ್ಶಕವೂ ವ್ಯರ್ಥ. ರಾತ್ರಿ ಹನ್ನೊಂದರ ಮೇಲೆ, ಯಂತ್ರವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು ತಣಿಸಿ ನೋಡುವುದು ಮೇಲು.

ಸಲಕರಣೆ ದೊಡ್ಡದಿರಬೇಕೆಂದಿಲ್ಲ. ನಾಲ್ಕಂಗುಲದ ಮಸೂರವಾಗಲಿ ಆರಂಗುಲದ ದರ್ಪಣವಾಗಲಿ ಸಾಕು. ಆರಂಗುಲದ್ದು ಮುಕ್ಕಾಲು ವಿಕಲೆಯಷ್ಟು ಸೂಕ್ಷ್ಮವನ್ನು ಬಿಡಿಸಿ ತೋರಿಸಬಲ್ಲದು. ಮೊದಲು ಕಾಣುವುದು ಧ್ರುವದ ಬಿಳಿ ಟೊಪ್ಪಿಗೆ: ಚಳಿಗಾಲದ ವಿಯುತಿಗಳಲ್ಲಿ ಉತ್ತರದ್ದು, ಮಳೆಗಾಲದವುಗಳಲ್ಲಿ ದಕ್ಷಿಣದ್ದು. ಬಳಿಕ ಕಪ್ಪು ಪ್ರದೇಶಗಳು. ಅವುಗಳಲ್ಲಿ ತ್ರಿಕೋನಾಕಾರದ ಸಿರ್ಟಿಸ್ ಮೇಜರ್ ಸುಪ್ರಸಿದ್ಧ. ೧೬೫೯ರಲ್ಲಿ ಹೈಗನ್ಸನು ಬರೆದ ಚಿತ್ರದಲ್ಲಿಯೂ ಅದುಂಟು. ಕೆಂಪು ಗಾಜಿನ ಶೋಧಕವು ನೆಲದ ಕಲೆಗಳನ್ನೂ ನೀಲಿಯದು ಮೋಡಗಳನ್ನೂ ಎತ್ತಿ ತೋರಿಸುತ್ತದೆ. ಮಂಗಳನ ದಿನ ನಮ್ಮದಕ್ಕಿಂತ ಸುಮಾರು ೩೭ ನಿಮಿಷ ದೀರ್ಘವಾದ್ದರಿಂದ, ಪ್ರತಿರಾತ್ರಿ ಅದೇ ಹೊತ್ತಿಗೆ ನೋಡಿದವನಿಗೆ ಐದಾರು ವಾರಗಳಲ್ಲಿ ಇಡೀ ಗೋಳವು ಕಣ್ಣಮುಂದೆ ಹಾದುಹೋಗುತ್ತದೆ.

ನೋಡಿದ್ದನ್ನು ಬರೆದಿಡುವುದು ನೋಡುವುದಕ್ಕಿಂತ ಕಷ್ಟ. ೧೮೭೭ರಲ್ಲಿ ಮಿಲಾನಿನ ಶಿಯಾಪರೆಲ್ಲಿಯು ಮಂಗಳನ ಮೇಲೆ ಗೆರೆಗಳನ್ನು ಕಂಡು ‘ಕನಾಲಿ’ ಎಂದನು. ಇಟಲಿಯ ಭಾಷೆಯಲ್ಲಿ ನೈಸರ್ಗಿಕ ಕಾಲುವೆಗೂ ಸಲ್ಲುವ ಆ ಮಾತು ಅನುವಾದದಲ್ಲಿ ತೋಡಿದ ನಾಲೆಯಾಯಿತು. ೧೮೯೪ರಿಂದ ಲೋವೆಲ್ಲನು ಅಮೆರಿಕದ ಫ್ಲಾಗ್‌ಸ್ಟಾಫಿನಲ್ಲಿ ಕುಳಿತು ನಾಲೆ ತೋಡಿದ ಜೀವಿಗಳನ್ನೇ ಕಲ್ಪಿಸಿದನು. ೧೯೦೯ರಲ್ಲಿ ಮ್ಯೂಡಾನಿನ ೮೩ ಸೆಂಟಿಮೀಟರಿನ ದೂರದರ್ಶಕದಲ್ಲಿ ಆಂಟೋನಿಯಾಡಿಗೆ ಆ ಗೆರೆಗಳೆಲ್ಲ ಬಿಡಿಬಿಡಿ ಕಲೆಗಳಾಗಿ ಒಡೆದು ಕಂಡವು. ೧೯೬೫ರ ಜುಲೈಯಲ್ಲಿ ಮ್ಯಾರಿನರ್-೪ ಕಳಿಸಿದ ಚಿತ್ರಗಳು ವಾದವನ್ನೇ ಮುಗಿಸಿದವು. ಶಿಯಾಪರೆಲ್ಲಿಯ ಕಣ್ಣು ಕಡಿಮೆಯದಲ್ಲ. ಕಣ್ಣು ಬಿಟ್ಟ ಸ್ಥಳವನ್ನು ಮನಸ್ಸು ತುಂಬಿತು. ಆದ್ದರಿಂದಲೇ ಐದು ಸೆಂಟಿಮೀಟರಿನ ವೃತ್ತವೊಂದನ್ನು ಮೊದಲೇ ಬರೆದಿಟ್ಟುಕೊಂಡು, ಇಪ್ಪತ್ತು ನಿಮಿಷದೊಳಗೆ, ಕಂಡಷ್ಟನ್ನೇ ಗುರುತಿಸಿ, ದಿನ, ವೇಳೆ, ಯಂತ್ರ, ವರ್ಧನಗಳನ್ನು ಕೆಳಗೆ ನಮೂದಿಸತಕ್ಕದ್ದು.

ಈ ಶಿಸ್ತಿನ ಅಗತ್ಯ ಇಂದಿಗೂ ತಪ್ಪಿಲ್ಲ. ೨೦೦೩ರ ತರುವಾಯ, ಆಗಸ್ಟ್ ತಿಂಗಳಲ್ಲಿ ಮಂಗಳನು ಚಂದ್ರನಷ್ಟು ದೊಡ್ಡದಾಗಿ ಕಾಣುವನೆಂಬ ಸುದ್ದಿ ಮತ್ತೆ ಮತ್ತೆ ಹರಡಿದೆ. ಅದರ ಮೂಲವೂ ಇಂಥದೇ: ೭೫ ಪಟ್ಟು ಹಿಗ್ಗಿಸಿ ನೋಡಿದರೆ, ಎಂಬ ಷರತ್ತು ದಾರಿಯಲ್ಲಿ ಎಲ್ಲಿಯೋ ಉದುರಿಹೋಯಿತು. ೨೦೧೩ರ ನವೆಂಬರ್ ೫ರಂದು ಹೊರಟು ೨೦೧೪ರ ಸೆಪ್ಟೆಂಬರ್ ೨೪ರಂದು ಮಂಗಳನ ಕಕ್ಷೆ ಸೇರಿದ ನೌಕೆಯ ದೇಶದಲ್ಲಿ ವಿದ್ಯಾವಂತರ ಮನೆಗಳೂ ಅದನ್ನು ನಂಬುವಂತಾಗಬಾರದು. ಕನ್ನಡ ಸಂಘವೊಂದು, ಅದರ ಆಶ್ರಯದ ಶಾಲೆಯೊಂದು, ಆರಂಗುಲದ ದೂರದರ್ಶಕವನ್ನು ತಾರಸಿಯ ಮೇಲಿಟ್ಟು ಮಕ್ಕಳ ಕೈಗೆ ಪೆನ್ಸಿಲು ಕೊಟ್ಟರೆ ಸುದ್ದಿಯ ಸತ್ಯಾಸತ್ಯ ಅಲ್ಲಿಯೇ ತೀರ್ಮಾನವಾಗುತ್ತದೆ.

೨೦೨೭ರ ಫೆಬ್ರುವರಿ, ೨೦೨೯ರ ಮಾರ್ಚ್, ೨೦೩೧ರ ಮೇ: ಮೂರೂ ವಿಯುತಿಗಳು ಮಳೆಗೆ ಮುಂಚಿನವು, ಮೂರೂ ಈ ಊರುಗಳಿಗೆ ಸಲ್ಲುವಂಥವು. ೨೦೩೫ರ ಸೆಪ್ಟೆಂಬರಿನ ದೊಡ್ಡ ಬಿಂಬವು ಮೋಡದ ಸಂದಿನಲ್ಲಿ ಒಂದು ಗಂಟೆ ಮಾತ್ರ ತೋರಿದರೂ, ಸಣ್ಣ ಬಿಂಬಗಳಲ್ಲಿ ಕಣ್ಣು ಪಳಗಿಸಿಕೊಂಡವನಿಗೆ ಆ ಒಂದು ಗಂಟೆ ಸಾಕಾಗುತ್ತದೆ.