ಬಾಯಿಯ ಶಸ್ತ್ರಚಿಕಿತ್ಸೆಯ ಬಳಿಕ ಊಟ: ಮೆತ್ತಗಿದ್ದರೆ ಸಾಲದು, ಸತ್ವವೂ ಇರಬೇಕು

ಬುದ್ಧಿಹಲ್ಲು ಕೀಳಿಸಿಕೊಂಡವರು, ಅಪಘಾತದಲ್ಲಿ ದವಡೆ ಮುರಿದು ತಂತಿ ಕಟ್ಟಿಸಿಕೊಂಡವರು, ಬಾಯಿಯ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಮರಳಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಅಪರೂಪವೇನಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಇವರೆಲ್ಲರಿಗೂ ಸಿಗುವ ಸೂಚನೆ ಒಂದೇ: ಮೆತ್ತಗಿನ ಆಹಾರ ಕೊಡಿ. ಮನೆಗೆ ಬಂದ ಮೇಲೆ ಈ ಮಾತಿಗೆ ಗಂಜಿ ತಿಳಿ, ಚಹಾದಲ್ಲಿ ಅದ್ದಿದ ಬ್ರೆಡ್ಡು, ಹೆಚ್ಚೆಂದರೆ ಒಂದು ಲೋಟ ಹಣ್ಣಿನ ರಸ ಎಂಬ ಅರ್ಥ ಬಂದುಬಿಡುತ್ತದೆ. ಒಂದೆರಡು ದಿನದ ಮಟ್ಟಿಗೆ ಇದರಿಂದ ತೊಂದರೆಯಿಲ್ಲ. ಆದರೆ ವಾರಗಟ್ಟಲೆ ಹೀಗೇ ನಡೆದರೆ ರೋಗಿಯ ತೂಕ ಇಳಿಯುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ, ಸೋಂಕು ತಗಲುವ ಭಯವೂ ಹೆಚ್ಚುತ್ತದೆ. ಗಾಯಕ್ಕೆ ನೋವಾಗಬಾರದೆಂಬ ಕಾಳಜಿಯಲ್ಲಿ ನಾವು ರೋಗಿಯನ್ನು ಅರೆಹೊಟ್ಟೆಯಲ್ಲಿ ಇಡುತ್ತೇವೆ.

ಲೆಕ್ಕ ಹಾಕಿ ನೋಡೋಣ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ದೊಡ್ಡ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುವವರಿಗೆ ಇದಕ್ಕಿಂತ ಹೆಚ್ಚೇ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ, ಬೇಯಿಸಿದ 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಪ್ರೊಟೀನ್ ಇದೆ. 100 ಗ್ರಾಂ ಅನ್ನದಲ್ಲಿರುವುದು ಎರಡೂವರೆ ಗ್ರಾಂ ಮಾತ್ರ. ಅಕ್ಕಿಯನ್ನು ತಟ್ಟೆಯಲ್ಲೇ ಬಿಟ್ಟು ತಿಳಿಯನ್ನಷ್ಟೇ ದಿನವಿಡೀ ಕುಡಿಸಿದರೆ ಈ ಲೆಕ್ಕದ ಹತ್ತಿರಕ್ಕೂ ಬರಲಾಗದು.

ಹಲ್ಲು ಕಿತ್ತವರ ವಿಷಯವನ್ನು ಮೊದಲು ಹೇಳುತ್ತೇವೆ. ಹಲ್ಲು ಬಂದ ಜಾಗದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಗಾಯಕ್ಕೆ ಅದೇ ಮುಚ್ಚಳ. ಅದು ಕಿತ್ತುಬಂದರೆ ಒಳಗಿನ ಮೂಳೆ ತೆರೆದುಕೊಂಡು, ಎರಡು ಮೂರು ದಿನಗಳಲ್ಲಿ ಕಿವಿಯವರೆಗೂ ಹರಡುವ ನೋವು ಶುರುವಾಗುತ್ತದೆ. ವೈದ್ಯರು ಇದನ್ನು ಡ್ರೈ ಸಾಕೆಟ್ ಎನ್ನುತ್ತಾರೆ. ಆದ್ದರಿಂದ ಮೊದಲ 24 ಗಂಟೆ ಬಿಸಿ ಪದಾರ್ಥ ಬೇಡ, ಜೋರಾಗಿ ಬಾಯಿ ಮುಕ್ಕಳಿಸುವುದೂ ಉಗುಳುವುದೂ ಬೇಡ. ಸ್ಟ್ರಾ ಹಾಕಿ ಹೀರುವುದನ್ನು ಇನ್ನೂ ಕೆಲವು ದಿನ ಬಿಟ್ಟುಬಿಡಬೇಕು, ಏಕೆಂದರೆ ಆ ಸೆಳೆತಕ್ಕೇ ಹೆಪ್ಪು ಕಿತ್ತುಬರಬಹುದು. ಎಳನೀರನ್ನು ಲೋಟಕ್ಕೆ ಸುರಿದು ಕೊಡಿ. ಬೀಡಿ ಸಿಗರೇಟು ಸೇದುವವರಿಗೆ ಈ ತೊಂದರೆ ಹೆಚ್ಚು. ತಣ್ಣಗಿನ ಮೊಸರು, ಹಾಲು, ಆರಿಸಿದ ರಾಗಿ ಮಣ್ಣಿ, ಚೆನ್ನಾಗಿ ಹಣ್ಣಾದ ಬಾಳೆಹಣ್ಣನ್ನು ಕಿವುಚಿ ಕೊಡುವುದು ಮೊದಲ ದಿನಕ್ಕೆ ಸೂಕ್ತ. ಐಸ್‌ಕ್ರೀಮೂ ಆಗಬಹುದು, ಆದರೆ ಗೋಡಂಬಿ, ಹಣ್ಣಿನ ಚೂರು ತುಂಬಿದ ನಮ್ಮೂರ ಗಡ್‌ಬಡ್ ಅಲ್ಲ. ಮರುದಿನದಿಂದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಊಟವಾದ ಮೇಲೆ ಮೆಲ್ಲನೆ ಬಾಯಿ ತೊಳೆದುಕೊಳ್ಳಬೇಕು. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಬಾರದು. ಮೆಟ್ರೊನಿಡಜೋಲ್ ಮಾತ್ರೆ ಕೊಟ್ಟಿದ್ದರೆ ಅದು ಮುಗಿದು ಮೂರು ದಿನ ಕಳೆಯುವವರೆಗೆ ಮದ್ಯದ ತಂಟೆಗೆ ಹೋಗಕೂಡದು. ಮನೆಯಲ್ಲಿ ಮದುವೆ ಇದ್ದರೂ ಅಷ್ಟೇ.

ಕರಾವಳಿಯ ಅಡುಗೆಯಲ್ಲಿ ಮೆತ್ತಗಿನ ಪದಾರ್ಥಗಳಿಗೆ ಕೊರತೆಯೇ ಇಲ್ಲ. ದುಬಾರಿ ಡಬ್ಬಿ ಪುಡಿಗಳಿಗೆ ಹಣ ಸುರಿಯುವ ಮುನ್ನ ಅಡುಗೆಮನೆಯತ್ತ ನೋಡುವುದು ಒಳ್ಳೆಯದು. ಕುಚ್ಚಲಕ್ಕಿ ಗಂಜಿಯಿಂದಲೇ ಆರಂಭಿಸೋಣ. ಕುಚ್ಚಲಕ್ಕಿಯ ಅಗುಳು ಗಟ್ಟಿ, ಬಿಡಿಬಿಡಿಯಾಗಿ ಗಾಯದ ಕುಳಿಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ಹಲವರು ತಿಳಿಯನ್ನು ಮಾತ್ರ ಬಸಿದು ಕೊಡುತ್ತಾರೆ. ಹಾಗೆ ಮಾಡುವ ಬದಲು ಇನ್ನೂ ಹೆಚ್ಚು ಬೇಯಿಸಿ, ಅದೇ ತಿಳಿಯೊಂದಿಗೆ ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿ. ಬೇಯುವಾಗಲೇ ಒಂದು ಹಿಡಿ ಹೆಸರುಬೇಳೆ ಸೇರಿಸಿದರೆ ಗಂಜಿಗೆ ಬಲ ಬರುತ್ತದೆ. ಮೇಲೆ ಒಂದು ದೊಡ್ಡ ಚಮಚ ತುಪ್ಪ ಹಾಕಿದರೆ ಸುಮಾರು 120 ಕ್ಯಾಲೊರಿ ಹೆಚ್ಚಿಗೆ ಸಿಕ್ಕಂತಾಯಿತು. ರಾಗಿ ಮಣ್ಣಿಯನ್ನು ನೀರಿನಲ್ಲಿ ಕದಡುವ ಬದಲು ಹಾಲಿನಲ್ಲಿ ಮಾಡಬಹುದು. ಇಡ್ಲಿ, ಸನ್ನಾಗಳನ್ನು ಹಾಲಿನಲ್ಲೋ ತೆಂಗಿನ ಹಾಲಿನಲ್ಲೋ ನೆನೆಸಿ ಕಿವುಚಿದರೆ ಅಗಿಯುವ ಪ್ರಮೇಯವೇ ಬರುವುದಿಲ್ಲ. ನೀರುದೋಸೆ ಮೂರನೆಯ ನಾಲ್ಕನೆಯ ದಿನಕ್ಕೆ, ಕೋಳಿ ಸಾರಿನ ರಸದಲ್ಲಿ ನೆನೆದು ಮೆತ್ತಗಾದ ಮೇಲೆ. ಕೋಳಿಯ ರಸ ಮಾತ್ರ ಕುಡಿಸಿದರೆ ಸತ್ವವೆಲ್ಲ ಬಂತೆಂದು ತಿಳಿಯಬೇಡಿ, ಪ್ರೊಟೀನಿನ ಬಹುಪಾಲು ಉಳಿಯುವುದು ಮಾಂಸದಲ್ಲಿ. ಎಲುಬು ತೆಗೆದು ಮಾಂಸವನ್ನೂ ರಸದೊಂದಿಗೆ ರುಬ್ಬಬೇಕು. ಮೀನಿನಲ್ಲಿ ಕಾಣೆಗೆ ನಮ್ಮ ಮೊದಲ ಮತ. ಮಾಂಸ ಮೃದು, ಮುಳ್ಳು ಬಿಡಿಸುವುದು ಸುಲಭ. ಖಾರ, ಹುಳಿ ಇಲ್ಲದೆ ಹಬೆಯಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿ ಒಂದು ಮುಳ್ಳೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಗಂಜಿಗೆ ಬೆರೆಸಬಹುದು. ಬಂಗುಡೆ, ಬೂತಾಯಿ ಎಷ್ಟೇ ರುಚಿಯಾದರೂ ಈ ಸಮಯಕ್ಕೆ ಬೇಡ. ಸಿಹಿಗುಂಬಳ, ಗೆಣಸು, ಬಸಳೆಯ ಎಲೆ (ದಂಟು ನಾರಾಗುತ್ತದೆ), ಪಪ್ಪಾಯಿ ಹಣ್ಣು ಇವೆಲ್ಲ ಕಿವುಚಿದರೆ ಇಳಿದುಹೋಗುವಂಥವು.

ಮೆತ್ತಗಿದ್ದರೂ ತೊಂದರೆ ಕೊಡುವ ಕೆಲವು ವಸ್ತುಗಳಿವೆ. ಒಗ್ಗರಣೆಯ ಸಾಸಿವೆ, ಜೀರಿಗೆ, ತುರಿದ ತೆಂಗಿನಕಾಯಿಯ ಚೂರು ಹೊಲಿಗೆಗಳ ನಡುವೆ ಸಿಕ್ಕಿಕೊಳ್ಳುತ್ತವೆ. ಮಣ್ಣಿಗೂ ಸಾರಿಗೂ ಹಿಂಡಿ ಸೋಸಿದ ತೆಂಗಿನ ಹಾಲನ್ನೇ ಬಳಸಬೇಕು. ಗಂಜಿಯ ಜೊತೆಗಾರರಾದ ಉಪ್ಪಿನಕಾಯಿ, ಒಣಮೀನು, ಹಪ್ಪಳಗಳಿಗೆ ಸ್ವಲ್ಪ ಕಾಲ ರಜೆ. ಕಿತ್ತಳೆ, ಮೂಸಂಬಿ, ಅನಾನಸು ರಸ ಹಸಿ ಗಾಯಕ್ಕೆ ಉರಿ ತರುತ್ತದೆ. ನಮ್ಮ ಸೆಕೆಯಲ್ಲಿ ಬೇಯಿಸಿದ ಪದಾರ್ಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಸಕ್ಕರೆ ಕಾಯಿಲೆಯವರಿಗೆ ನುಣ್ಣಗೆ ರುಬ್ಬಿದ ಗಂಜಿ, ಮಣ್ಣಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಇನ್ನೊಂದೆಡೆ ಊಟ ಕಡಿಮೆಯಾಗಿ ಮಾತ್ರೆ ಎಂದಿನಷ್ಟೇ ಆದರೆ ಸಕ್ಕರೆ ಕುಸಿಯಬಹುದು. ಅವರು ಆಸ್ಪತ್ರೆ ಬಿಡುವ ಮುನ್ನವೇ ಮಾತ್ರೆ, ಇನ್ಸುಲಿನ್ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಕೊಳ್ಳಬೇಕು.

ದವಡೆಗೆ ತಂತಿ ಕಟ್ಟಿದವರ ಸ್ಥಿತಿ ಬೇರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಾಯಿ ತೆರೆಯಲಾಗುವುದಿಲ್ಲ. ಎಲ್ಲವನ್ನೂ ನುಣ್ಣಗೆ ರುಬ್ಬಿ, ಸೋಸಿ, ಕುಡಿಯುವಷ್ಟು ತೆಳ್ಳಗೆ ಮಾಡಿ ಹಲ್ಲಿನ ಸಂದಿನಿಂದ ಹೋಗುವಂತೆ ಕೊಡಬೇಕು. ಒಂದು ಸಲಕ್ಕೆ ಹೆಚ್ಚು ಇಳಿಯದ ಕಾರಣ ದಿನಕ್ಕೆ ಆರೇಳು ಬಾರಿ ಕೊಡುವುದು ಅನಿವಾರ್ಯ. ತಂತಿ ಕತ್ತರಿಸುವ ಸಾಧನ ರೋಗಿಯ ಬಳಿಯೇ ಇರಬೇಕು. ವಾಂತಿಯಾಗಿ ಉಸಿರು ಕಟ್ಟಿದರೆ ಯಾವ ತಂತಿ ಕತ್ತರಿಸಬೇಕೆಂಬುದನ್ನು ಮನೆಯವರೊಬ್ಬರು ಆಸ್ಪತ್ರೆಯಲ್ಲೇ ಕಲಿತು ಬರಬೇಕು.

ಎಲ್ಲಕ್ಕಿಂತ ಕಷ್ಟದ ಪಾಡು ಬಾಯಿಯ ಕ್ಯಾನ್ಸರಿನಿಂದ ನಾಲಗೆಯ ಅಥವಾ ದವಡೆಯ ಭಾಗ ತೆಗೆಸಿಕೊಂಡವರದು. ಹಲವರಿಗೆ ಕೆಲವು ವಾರ ಮೂಗಿನ ಮೂಲಕ ಹೊಟ್ಟೆಗಿಳಿಸಿದ ನಳಿಗೆಯಲ್ಲೇ ಊಟ. ಅದನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಸೋಸದೆ ಕೊಟ್ಟರೆ ನಳಿಗೆ ಕಟ್ಟಿಕೊಳ್ಳುತ್ತದೆ, ಮಲಗಿಸಿ ಕೊಟ್ಟರೆ ಆಹಾರ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ತಲೆಯ ಭಾಗ ಎತ್ತರದಲ್ಲಿರಬೇಕು, ಊಟವಾದ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೆಯೇ ಕುಳಿತಿರಬೇಕು, ಪ್ರತಿ ಸಲವೂ ನಳಿಗೆಯನ್ನು ನೀರಿನಿಂದ ತೊಳೆಯಬೇಕು. ನಳಿಗೆ ತೆಗೆದ ಮೇಲೆ ನೀರು ಕುಡಿಸಿ ನೋಡೋಣ ಎನ್ನುವವರು ಹೆಚ್ಚು. ವಾಸ್ತವವಾಗಿ ನಾಲಗೆಯ ಹಿಡಿತ ತಪ್ಪಿದವರಿಗೆ ನೀರೇ ಕಷ್ಟ, ಅದು ಥಟ್ಟನೆ ಜಾರಿ ಶ್ವಾಸನಾಳಕ್ಕೆ ಇಳಿಯುತ್ತದೆ. ಮೊಸರು, ಗಟ್ಟಿ ಮಣ್ಣಿಯಂಥದ್ದು ಅವರಲ್ಲಿ ಹಲವರಿಗೆ ಸುಲಭ. ನುಂಗುವಾಗ ಕೆಮ್ಮು ಬಂದರೆ, ಧ್ವನಿ ನೀರು ತುಂಬಿದಂತೆ ಕೇಳಿದರೆ ನಿಲ್ಲಿಸಿ ಆಸ್ಪತ್ರೆಯವರನ್ನು ಕೇಳಬೇಕು. ಇಂಥ ಮನೆಯಲ್ಲಿ ಎಲೆಯಡಿಕೆ ತಟ್ಟೆ ಕಣ್ಣಿಗೆ ಬೀಳದಿರಲಿ. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಸ್ಪಷ್ಟಪಡಿಸಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಅಪ್ರಿಯವಾದರೂ ಹೇಳಲೇಬೇಕಾಗಿದೆ.

ರೋಗಿಗಳಿಗೆ ಪರಮಪ್ರಸಾದ ಒಯ್ಯುವವರು ಗಮನಿಸಬೇಕಾದ ವಿಷಯವೂ ಇದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ನಿಯಮದಂತೆ ರೋಗಿಗಳಿಗೂ ಅವರ ಆರೈಕೆ ಮಾಡುವವರಿಗೂ ಒಂದು ಗಂಟೆಯ ಉಪವಾಸದ ಕಟ್ಟಳೆಯಿಲ್ಲ. ಆದ್ದರಿಂದ ಪರಮಪ್ರಸಾದ ಬರುತ್ತದೆಂದು ಬೆಳಗಿನ ಮಣ್ಣಿ ತಪ್ಪಿಸಬೇಡಿ. ರೊಟ್ಟಿಯ ರೂಪದಲ್ಲಿ ನುಂಗಲಾಗದವರಿಗೆ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಕೊಡಲು 925ನೇ ನಿಯಮ ಅವಕಾಶ ನೀಡುತ್ತದೆ. ತೆಳ್ಳಗಿನದು ನುಂಗಬಹುದೇ ಎಂದು ವೈದ್ಯರಲ್ಲಿ ವಿಚಾರಿಸಿ, ವಿಚಾರಣಾ ಗುರುಗಳಿಗೆ ಮೊದಲೇ ತಿಳಿಸಿದರೆ ಅವರು ವ್ಯವಸ್ಥೆ ಮಾಡುತ್ತಾರೆ. ತಪಸ್ಸುಕಾಲದಲ್ಲಿ ಮೊಟ್ಟೆ, ಕೋಳಿ ರಸ ಬೇಡವೆಂದು ಹಟ ಹಿಡಿಯುವ ಹಿರಿಯರಿದ್ದಾರೆ. ವಿಭೂತಿ ಬುಧವಾರವಿರಲಿ, ಶುಭ ಶುಕ್ರವಾರವಿರಲಿ, ಗಾಯ ಮಾಯುತ್ತಿರುವವರು ತಮಗೆ ಬೇಕಾದಷ್ಟು ಉಣ್ಣಬಹುದು. ಗುರುಗಳ ಬಾಯಿಂದ ಈ ಮಾತು ಕೇಳಿದರೆ ಅವರಿಗೆ ಸಮಾಧಾನ.

ಇನ್ನು ಭೇಟಿಗೆ ಹೋಗುವವರು. ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯವರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಒಯ್ಯುವ ಚೀಲದಲ್ಲಿ ಕಿತ್ತಳೆ, ಸೇಬು, ರಸ್ಕು, ಬಿಸ್ಕತ್ತು ಇರುವುದು ವಾಡಿಕೆ. ರೋಗಿ ಅದನ್ನು ನೋಡಬಹುದೇ ಹೊರತು ತಿನ್ನಲಾಗದು. ಹತ್ತು ಮೊಟ್ಟೆ, ಒಂದು ಕಿಲೋ ಹೆಸರುಬೇಳೆ, ರಾಗಿ ಹಿಟ್ಟು, ನಾಲ್ಕು ಎಳನೀರು ಒಯ್ದರೆ ಅದೇ ಖರ್ಚಿನಲ್ಲಿ ಉಪಯೋಗ ಹೆಚ್ಚು. ಮನೆಯಲ್ಲಿ ಮಿಕ್ಸಿ ಇಲ್ಲದಿದ್ದರೆ ನೆರೆಯವರೊಬ್ಬರು ದಿನಕ್ಕೆರಡು ಸಲ ರುಬ್ಬಿಕೊಡುವ ಏರ್ಪಾಡನ್ನು ವಾಳೆಯ ಮಟ್ಟದಲ್ಲೇ ಮಾಡಬಹುದು. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಲು ಮನೆಯವರಿಗೆ ನೆನಪಿಸಿ. ತೂಕ ಇಳಿಯುತ್ತಲೇ ಇದ್ದರೆ, ಜ್ವರ, ಕೀವು, ನಿಲ್ಲದ ರಕ್ತ ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಲ್ಲಿಗೆ ಕರೆದೊಯ್ಯಬೇಕು.