ಪಾರ್ಟ್ಸ್ ಗಾಡಿ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ, ಅಂಜನಾನಗರ ದಾಟಿ ಬ್ಯಾಡರಹಳ್ಳಿಯ ಒಳರಸ್ತೆಗೆ ತಿರುಗಿದರೆ ಭಾನುವಾರ ಬೆಳಿಗ್ಗೆ ಕೇಳುವುದು ಕುಕ್ಕರಿನ ಶಿಳ್ಳೆ, ಸಂಪಿನ ಮೋಟರು, ರಜೆಯಿಲ್ಲದ ಯಾವುದೋ ಲೇತಿನ ಕಿರ್ರೆನ್ನುವ ಸದ್ದು. ನನ್ನ ಗೆಳೆಯನ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಮಾತ್ರ ಬೇರೊಂದು ಸದ್ದು. ಹದಿನೇಳರ ರಿಂಗ್ ಸ್ಪ್ಯಾನರಿಗೆ ಎರಡಡಿ ಪೈಪು ತೂರಿಸಿ, ಮೂವತ್ತು ವರ್ಷ ಅಲುಗಾಡದ ಬೋಲ್ಟನ್ನು ಜಗ್ಗಿದಾಗ ಬರುವ ‘ಕಟಕ್’. ಬೋಲ್ಟು ಸಡಿಲವಾಗಿರಬಹುದು, ಇಲ್ಲವೇ ಅದರ ತಲೆ ಮುರಿದಿರಬಹುದು. ಸದ್ದು ಎರಡಕ್ಕೂ ಒಂದೇ. ನಾವು ಬಗ್ಗಿ ನೋಡುವ ಮೊದಲೇ ಮೇಸ್ತ್ರಿಯ ಮುಖ ಹೇಳಿಬಿಡುತ್ತದೆ.

ಶೆಡ್ಡಿನಲ್ಲಿ ಎರಡು ಜೀಪುಗಳಿವೆ. ಒಂದು ಗೆಳೆಯನ ತಂದೆಯವರ ವಿಲೀಸ್ ಸಿಜೆ 3ಬಿ. ಇನ್ನೊಂದು ಮಹೀಂದ್ರ ಎಂಎಂ 540. ಎರಡನೆಯದರ ಚಾಸಿ ಹಿಂದುಗಡೆ ಬೆರಳು ತೂರುವಷ್ಟು ತುಕ್ಕು ತಿಂದಿದೆ, ಎಂಜಿನ್ನು ಮಾತ್ರ ಗಟ್ಟಿ. ಇಂಥದಕ್ಕೆ ಮೆಕ್ಯಾನಿಕ್ಕುಗಳು ‘ಪಾರ್ಟ್ಸ್ ಗಾಡಿ’ ಅನ್ನುತ್ತಾರೆ. ಇದರ ಎಂಜಿನ್ನು ಅದರ ಹೊಟ್ಟೆಗೆ ಹೋಗಬೇಕು. ಎಂಜಿನ್ ಬದಲಿಸುವುದೆಂದರೆ ಎಂಜಿನ್ ಕೂರಿಸುವುದು ಎಂದೇ ನಾನು ತಿಳಿದಿದ್ದೆ. ನಾಲ್ಕು ಭಾನುವಾರ ಈ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತ ಮೇಲೆ ಆ ತಿಳಿವಳಿಕೆ ಹೋಯಿತು. ಕೂರಿಸುವ ಕೆಲಸ ನೆಟ್ಟಗಾಗುತ್ತದೋ ಇಲ್ಲವೋ ಎಂಬುದು ಈ ಕಡೆ, ಬಿಚ್ಚುವ ಗಾಡಿಯ ಬಳಿಯಲ್ಲೇ ತೀರ್ಮಾನವಾಗಿರುತ್ತದೆ.

ವಿಲೀಸ್ ಜೀಪಿಗೂ ಎಂಜಿನ್ ಬದಲಾವಣೆಗೂ ಹಳೆಯ ನಂಟು. ಸಿಜೆ 3ಬಿಯ ಬಾನೆಟ್ಟು ನೋಡಿ, ಹಣೆ ಉಬ್ಬಿದವರ ಹಾಗೆ ಎತ್ತರ. ಅದು ಚೆಂದಕ್ಕೆ ಮಾಡಿದ್ದಲ್ಲ. 1953ರಲ್ಲಿ ಅಮೆರಿಕದ ವಿಲೀಸ್ ಕಂಪನಿ ಹಳೆಯ ಮೈಗೆ ‘ಹರಿಕೇನ್’ ಎಂಬ ಹೊಸ ಪೆಟ್ರೋಲ್ ಎಂಜಿನ್ ಹಾಕಿತು. ಒಳಬರುವ ವಾಲ್ವು ಹೆಡ್ಡಿನಲ್ಲಿ, ಹೊರಹೋಗುವ ವಾಲ್ವು ಬ್ಲಾಕಿನಲ್ಲಿ ಇರುವ ಆ 2.2 ಲೀಟರಿನ ಎಂಜಿನ್ನು ಹಳೆಯದಕ್ಕಿಂತ ಎತ್ತರ. ಹಳೆಯ ಬಾನೆಟ್ಟು ಮುಚ್ಚಲಿಲ್ಲ, ಕಂಪನಿ ಬಾನೆಟ್ಟನ್ನೇ ಮೇಲೆತ್ತಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಆ ಮಾದರಿಯನ್ನು ಮಹೀಂದ್ರ ಕಂಪನಿ ನಮ್ಮಲ್ಲಿ ಬಹಳ ಕಾಲ ಮುಂದುವರಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಸುಳ್ಯ, ಪುತ್ತೂರಿನ ಏರುದಾರಿಗಳಲ್ಲಿ ಜೀಪು ಅಂದರೆ ಅದೇ ಉಬ್ಬು ಹಣೆಯ ಗಾಡಿ.

ಎಳೆಯುವುದರಲ್ಲಿ ಗಟ್ಟಿಗ, ಕುಡಿಯುವುದರಲ್ಲೂ ಅಷ್ಟೇ. ಪೆಟ್ರೋಲಿಗೂ ಡೀಸೆಲ್ಲಿಗೂ ದರದಲ್ಲಿ ದೊಡ್ಡ ಅಂತರವಿದ್ದ ಕಾಲ ಅದು. ಪೆಟ್ರೋಲ್ ದರದ ಮೇಲಿನ ಸರ್ಕಾರದ ಹಿಡಿತ ಹೋದದ್ದು 2010ರಲ್ಲಿ, ಡೀಸೆಲಿನದು 2014ರಲ್ಲಿ. ಅದಕ್ಕೆ ಮೊದಲು ಪೆಟ್ರೋಲ್ ಜೀಪಿದ್ದವರೆಲ್ಲ ಒಂದಲ್ಲ ಒಂದು ದಿನ ಡೀಸೆಲ್ ಎಂಜಿನ್ನಿನ ಲೆಕ್ಕ ಹಾಕಿದವರೇ. ಮಹೀಂದ್ರ ಕಂಪನಿಯೂ ಅದೇ ಲೆಕ್ಕ ಹಾಕಿ ಫ್ರಾನ್ಸಿನ ಪ್ಯೂಜೊ ಜತೆ ಒಪ್ಪಂದ ಮಾಡಿಕೊಂಡು ಎಕ್ಸ್‌ಡಿಪಿ 4.90 ಎಂಜಿನ್ ತಂದಿತು. ಹೆಸರಲ್ಲೇ ಜಾತಕವಿದೆ: 4 ಅಂದರೆ ಸಿಲಿಂಡರು, 90 ಅಂದರೆ ಬೋರಿನ ಅಗಲ, ಮಿಲಿಮೀಟರಿನಲ್ಲಿ. ಒಟ್ಟು 2112 ಸಿಸಿ, 62 ಕುದುರೆಶಕ್ತಿ. ಆಫ್ರಿಕಾದ ರಸ್ತೆಗಳಲ್ಲಿ ಮುಪ್ಪಿಲ್ಲದೆ ಓಡಿದ ಪ್ಯೂಜೊ 504 ಕಾರಿನ ಡೀಸೆಲ್ ಎಂಜಿನ್ನೂ ಇದೇ ಮನೆತನದ್ದು. ಕುದುರೆಗಳನ್ನು ಎಣಿಸಿದರೆ ಹರಿಕೇನೇ ಮೇಲು. ಆದರೆ ತೋಟದ ಏರಿನಲ್ಲಿ ಎರಡನೇ ಗೇರಿಗೆ ಹಾಕಿ ಕಾಲು ತೆಗೆದರೂ ಹತ್ತಿಕೊಂಡು ಹೋಗುವ ಗುಣ ಡೀಸೆಲ್ಲಿನದು.

ಗೆಳೆಯನ ತಂದೆ ತೊಂಬತ್ತರ ದಶಕದಲ್ಲೇ ಈ ಬದಲಾವಣೆ ಮಾಡಿಸಿದ್ದರು. ಆಗ ಬ್ಯಾಡರಹಳ್ಳಿ ಊರೇ, ಬಡಾವಣೆಯಲ್ಲ. ಅವರು ಕೊಂಡದ್ದು ಬರೀ ಪ್ಯೂಜೊ ಎಂಜಿನ್ನು, ಗೇರ್ ಬಾಕ್ಸು ವಿಲೀಸಿನದೇ, ಮೂರು ಗೇರಿನದು. ಎರಡರ ಬೋಲ್ಟಿನ ತೂತುಗಳೂ ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ದಪ್ಪ ಕಬ್ಬಿಣದ ಪ್ಲೇಟು ಕೊಯ್ಯಿಸಿ ಹಾಕಬೇಕು, ಅದಕ್ಕೆ ಅಡಾಪ್ಟರ್ ಪ್ಲೇಟು ಅಂತಾರೆ. ಯಾವ ಲೇತಿನಲ್ಲಿ ಕೊಯ್ಯಿಸಿದರೋ, ಅದರ ನಡುತೂತು ಕೂದಲೆಳೆಯಷ್ಟು ಓರೆಯಾಯಿತು. ಎಂಜಿನ್ನಿನ ಕ್ರ್ಯಾಂಕೂ ಗೇರ್ ಬಾಕ್ಸಿನ ಶಾಫ್ಟೂ ಒಂದೇ ನೇರದಲ್ಲಿ ತಿರುಗಬೇಕು, ತಿರುಗಲಿಲ್ಲ. ಅಲ್ಲಿಂದ ಇಪ್ಪತ್ತೈದು ವರ್ಷ ಆ ಜೀಪು ಬೇರಿಂಗು ತಿನ್ನುತ್ತ, ಗೋಳಿಡುತ್ತ ಓಡಿತು. ಅದರ ಗೋಳು ಗೇಟಿಗೆ ಬರುವ ಮೊದಲೇ ಮನೆಗೆ ಮುಟ್ಟುತ್ತಿತ್ತು, ಅಮ್ಮ ಒಲೆಯ ಮೇಲೆ ನೀರಿಡುತ್ತಿದ್ದರು ಎಂದು ಗೆಳೆಯ ಹೇಳುತ್ತಾನೆ. ಹೋದ ಬೇಸಿಗೆಯಲ್ಲಿ ತಾವರೆಕೆರೆ ಹತ್ತಿರ ನೀರು ಕುದ್ದು ಬ್ಲಾಕು ಬಿರುಕು ಬಿಟ್ಟಿತು.

ಈ ಸಲ ಮೇಸ್ತ್ರಿ ಒಂದೇ ಮಾತು ಹೇಳಿದರು. ಅರವತ್ತು ದಾಟಿದವರು, ಕಲಾಸಿಪಾಳ್ಯದಲ್ಲಿ ಕಲಿತವರು, ಗೆಳೆಯನ ತಂದೆಯ ಕಾಲದಿಂದ ಗೊತ್ತಿರುವವರು. “ಎಂಜಿನ್ ತರಬೇಡ ಕಣಪ್ಪ, ಗಾಡಿ ತಗೊಂಡು ಬಾ.”

ಕೊಳ್ಳುವಾಗ ಅವರು ನೋಡಿದ ರೀತಿಯೇ ಒಂದು ಪಾಠ. ಎಂಜಿನ್ ಬಿಸಿಯಿದೆಯೇ ಎಂದು ಮೊದಲು ಮುಟ್ಟಿದರು. ಬಿಸಿಯಿದ್ದರೆ ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ತಣ್ಣಗಿದ್ದಾಗ ಹತ್ತುವುದೇ ಡೀಸೆಲ್ಲಿನ ಪರೀಕ್ಷೆ. ಪೆಟ್ರೋಲ್ ಎಂಜಿನ್ನು ಕಿಡಿಯಿಂದ ಹತ್ತುತ್ತದೆ. ಡೀಸೆಲ್ಲಿಗೆ ಕಿಡಿಯಿಲ್ಲ, ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಹಿಂಡಿ ಅದರ ಬಿಸಿಯಲ್ಲೇ ಎಣ್ಣೆ ಹೊತ್ತಬೇಕು. ರಿಂಗು ಸವೆದಿದ್ದರೆ ಆ ಹಿಂಡುವಿಕೆ ಇಲ್ಲ. ಸ್ಟಾರ್ಟ್ ಆದ ಮೇಲೆ ಆಯಿಲ್ ಕ್ಯಾಪು ತೆಗೆದು ಅಂಗೈ ಅಡ್ಡ ಹಿಡಿದರು. ಬುಸಬುಸ ಹೊಗೆ ಬಂದರೆ ‘ಬ್ಯಾಕ್ ಕಂಪ್ರೆಷನ್’, ಅಂದರೆ ಸಿಲಿಂಡರಿನ ಒತ್ತಡ ರಿಂಗಿನ ಪಕ್ಕದಿಂದ ಕೆಳಗಿಳಿಯುತ್ತಿದೆ. ಬರಲಿಲ್ಲ. ಡಿಪ್‌ಸ್ಟಿಕ್ಕು ಎಳೆದು ನೋಡಿದರು: ಆಯಿಲು ಕಪ್ಪಗಿತ್ತು, ಪರವಾಗಿಲ್ಲ. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಸೇರಿದೆ, ತಿರುಗಿ ನೋಡದೆ ಹೊರಡಬೇಕು.

ಬಿಚ್ಚುವ ಮೊದಲ ಭಾನುವಾರ ಸ್ಪ್ಯಾನರು ಮುಟ್ಟಲೇ ಇಲ್ಲ. ಬರೀ ಅಳತೆ. ಗೆಳೆಯ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದ, ಮೇಸ್ತ್ರಿ ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಫ್ಯಾನಿನಿಂದ ರೇಡಿಯೇಟರಿಗೆ ಎಷ್ಟು, ಆಯಿಲ್ ಚೇಂಬರಿನಿಂದ ಮುಂದಿನ ಆಕ್ಸಲ್ಲಿಗೆ ಎಷ್ಟು, ಎಂಜಿನ್ನು ಹಿಂದಕ್ಕೆ ಎಷ್ಟು ವಾಲಿದೆ. ಎಂಜಿನ್ನನ್ನು ಯಾರೂ ನೆಲಕ್ಕೆ ಸಮನಾಗಿ ಕೂರಿಸುವುದಿಲ್ಲ; ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ ಭಾರ ಬೀಳದಿರಲೆಂದು ಬಾಲವನ್ನು ತುಸು ಇಳಿಸಿರುತ್ತಾರೆ. ವಿಲೀಸಿನ ಎರಡು ಆಕ್ಸಲ್ಲುಗಳ ನಡುವೆ ಬರೀ 80 ಇಂಚು, ಎಂಎಂ 540 ಅದಕ್ಕಿಂತ ಉದ್ದ. ಗೇರ್ ಬಾಕ್ಸು ಉದ್ದವಾದಷ್ಟೂ ಹಿಂದಿನ ಶಾಫ್ಟು ಮೋಟಾಗಿ ಅದರ ಓರೆ ಹೆಚ್ಚುತ್ತದೆ. ಒಮ್ಮೆ ಬಿಚ್ಚಿ ನೆಲಕ್ಕಿಟ್ಟ ಎಂಜಿನ್ನು ಈ ಲೆಕ್ಕ ಯಾವುದನ್ನೂ ಹೇಳುವುದಿಲ್ಲ.

ಎರಡನೇ ವಾರ ಬ್ಯಾಟರಿ, ಆಮೇಲೆ ಆಯಿಲು, ನೀರು, ಡೀಸೆಲ್. ಬಾನೆಟ್ಟು, ರೇಡಿಯೇಟರು, ಸೈಲೆನ್ಸರು. ವೈರಿಂಗನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಲು ಹೋದ ಹುಡುಗನ ಕೈಗೆ ಮೇಸ್ತ್ರಿ ಪೆಟ್ಟೇ ಕೊಟ್ಟರು. ಪ್ರತಿ ವೈರಿನ ತುದಿಗೂ ಬಿಳಿ ಪ್ಲಾಸ್ಟರು ಸುತ್ತಿ ಹೆಸರು ಬರೆಯಬೇಕು: ಸೆಲ್ಫು, ಹೀಟರ್ ಪ್ಲಗ್ಗು, ಆಯಿಲ್ ಪ್ರೆಶರು. ಬೋಲ್ಟುಗಳಿಗೆ ಹಾರ್ಲಿಕ್ಸ್ ಬಾಟಲಿ, ಐಸ್‌ಕ್ರೀಮ್ ಡಬ್ಬಿ. ಕೆಲವು ಬೋಲ್ಟು ಬಿಚ್ಚಿದ ತೂತಿಗೇ ಮತ್ತೆ ಎರಡು ಸುತ್ತು ತಿರುಗಿಸಿಬಿಡುವುದು ಅವರ ರೂಢಿ. ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ.

ಪಂಪಿನ ಹತ್ತಿರ ಬಂದಾಗ ಮಾತ್ರ ಅವರು ಎದ್ದು ಕೈ ತೊಳೆದು ಬಂದರು. ಇಲ್ಲಿ ಸ್ವಲ್ಪ ನಿಲ್ಲಬೇಕು. ಡೀಸೆಲ್ ಎಂಜಿನ್ನಿನ ಜೀವವಿರುವುದು ಎಣ್ಣೆಯನ್ನು ಚಿಮ್ಮಿಸುವ ಪಂಪು ಮತ್ತು ನಾಜಲ್‌ಗಳಲ್ಲಿ. ರುಡಾಲ್ಫ್ ಡೀಸೆಲ್ 1897ರಲ್ಲೇ ಎಂಜಿನ್ ಓಡಿಸಿ ತೋರಿಸಿದರೂ ಅದು ಲಾರಿ, ಕಾರುಗಳಿಗೆ ಒಗ್ಗಿಬಂದದ್ದು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಇಂಜೆಕ್ಷನ್ ಪಂಪನ್ನು ಸಾಲುಸಾಲಾಗಿ ತಯಾರಿಸತೊಡಗಿದ ಮೇಲೆ. ಆ ಪಂಪು ನಮ್ಮ ಊರಿನದೂ ಹೌದು. 1951ರಲ್ಲಿ ಶುರುವಾದ ಮೈಕೋ ಕಂಪನಿ ಬೆಂಗಳೂರಿನ ಆಡುಗೋಡಿಯಲ್ಲಿ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ಮಾಡಿತು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ ಮೈಕೋ ಲೇಔಟು ಮೈಕೋ ಲೇಔಟಾಗಿಯೇ ಉಳಿದಿದೆ. ಪಂಪಿನೊಳಗೆ ಓಡಾಡುವ ಪ್ಲಂಜರಿಗೂ ಅದರ ಬ್ಯಾರೆಲ್ಲಿಗೂ ನಡುವೆ ಇರುವ ಸಂದು ಎರಡು-ಮೂರು ಮೈಕ್ರಾನು. ತಲೆಗೂದಲು ಸುಮಾರು 70 ಮೈಕ್ರಾನು. ಕೂದಲನ್ನು ಇಪ್ಪತ್ತೈದು ಸೀಳು ಮಾಡಿದರೆ ಒಂದು ಸೀಳು ಹೋಗಬಹುದಾದ ಜಾಗದಲ್ಲಿ ಬ್ಯಾಡರಹಳ್ಳಿಯ ಧೂಳು ಹೊಕ್ಕರೆ ಏನಾದೀತು! ಒಂದೊಂದು ಪೈಪು ಬಿಚ್ಚಿದ ಕೂಡಲೇ ಎರಡೂ ಬಾಯಿಗೆ ಪೆನ್ನಿನ ಕ್ಯಾಪು, ಇಲ್ಲದಿದ್ದಲ್ಲಿ ಪ್ಲಾಸ್ಟಿಕ್ ಕವರು, ಮೇಲೆ ದಾರ. ನಾಲ್ಕು ಪೈಪುಗಳೂ ನೋಡಲು ಅಡ್ಡಾದಿಡ್ಡಿ ಬಾಗಿವೆ. ಅವುಗಳ ಉದ್ದ ಮಾತ್ರ ಸಮ, ಎಣ್ಣೆ ಎಲ್ಲ ಸಿಲಿಂಡರಿಗೂ ಹೇಳಿದ ಹೊತ್ತಿಗೆ ತಲುಪಲೆಂದು. ಬಗ್ಗಿಸಿ ನೇರ ಮಾಡಬಾರದು. ಯಾವ ಪೈಪು ಎಲ್ಲಿಗೆಂಬುದೂ ಮರೆಯಬಾರದು. ಎಂಜಿನ್ನು ಹೊತ್ತುವ ಸರದಿ 1-3-4-2.

ಬಿಚ್ಚುವ ವಿದ್ಯೆಯ ಸಾರ ಇರುವುದು ಇಂಥ ಚಿಲ್ಲರೆಯಲ್ಲೇ ಎಂದು ನನಗನ್ನಿಸಿತು. ಎಂಜಿನ್ನು ಎಲ್ಲಾದರೂ ಸಿಗುತ್ತದೆ. ಸಿಗದೆ ಕಾಡುವುದು ಮೌಂಟಿಂಗಿನ ಕೆಳಗಿನ ಬ್ರಾಕೆಟ್ಟು, ಕ್ಲಚ್ಚಿನ ಫೋರ್ಕು, ಆಕ್ಸಿಲರೇಟರಿನ ಕಡ್ಡಿ. ಪೆಟ್ರೋಲ್ ಗಾಡಿಗೆ ಹೊಸದಾಗಿ ಡೀಸೆಲ್ ಹಾಕುವವರು ಮರೆಯುವ ಸಾಮಾನುಗಳೇ ಬೇರೆ. ಡೀಸೆಲ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ಎಳೆದು ಉಳಿದದ್ದನ್ನು ಟ್ಯಾಂಕಿಗೆ ವಾಪಸು ಕಳಿಸುತ್ತದೆ, ಆದ್ದರಿಂದ ರಿಟರ್ನ್ ಪೈಪು ಬೇಕು, ಟ್ಯಾಂಕಿಗೆ ಇನ್ನೊಂದು ತೂತು ಬೇಕು. ಪೆಟ್ರೋಲ್ ಎಂಜಿನ್ನಿನ ಗಾಳಿದಾರಿಯಲ್ಲಿ ಹುಟ್ಟುವ ನಿರ್ವಾತದಿಂದ ಕಾರಿನ ಬ್ರೇಕಿನ ಬೂಸ್ಟರು ಕೆಲಸ ಮಾಡುತ್ತದೆ; ಡೀಸೆಲ್ಲಿನ ಗಾಳಿದಾರಿಗೆ ಅಂಥ ತಡೆಯಿಲ್ಲ, ನಿರ್ವಾತವೂ ಇಲ್ಲ. ಅದಕ್ಕೇ ಬೇರೆ ಪಂಪಿರುತ್ತದೆ, ಕೆಲವು ಎಂಜಿನ್ನುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ. ಹಳೆಯ ಆಲ್ಟರ್ನೇಟರು ಯಾಕೆಂದು ಗುಜರಿಗೆ ಹಾಕಿದವನಿಗೆ ಮೊದಲ ಇಳಿಜಾರಿನಲ್ಲಿ ಬ್ರೇಕು ಕಲ್ಲಾಗುತ್ತದೆ.

ನಿಲ್ಲಿಸುವುದೂ ಹಾಗೇ. ಕಿಡಿಯೇ ಇಲ್ಲದ ಎಂಜಿನ್ನು ಬೀಗದ ಕೈ ತಿರುಗಿಸಿದರೆ ನಿಲ್ಲುವುದು ಹೇಗೆ? ಎಣ್ಣೆ ನಿಲ್ಲಿಸಬೇಕು. ಹಳೆಯ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಒಂದು ಗುಂಡಿ, ಅದರಿಂದ ಪಂಪಿಗೆ ಸ್ಟಾಪ್ ಕೇಬಲ್ಲು. ಗೆಳೆಯನ ತಂದೆಯ ಜೀಪಿಗೆ ಅದೂ ಬಂದಿರಲಿಲ್ಲ. ಸೈಕಲ್ ಬ್ರೇಕಿನ ವೈರಿಗೆ ಮರದ ಗುಂಡಿ ಕಟ್ಟಿಕೊಂಡಿದ್ದರು. ಅದು ತುಂಡಾದ ದಿನ ನಾಲ್ಕನೇ ಗೇರು... ಅಲ್ಲ, ಇದ್ದದ್ದೇ ಮೂರು, ಆ ಮೂರನೇ ಗೇರಿಗೆ ಹಾಕಿ ಬ್ರೇಕು ತುಳಿದು ಕ್ಲಚ್ಚು ಬಿಟ್ಟು ಉಸಿರುಗಟ್ಟಿಸಿ ನಿಲ್ಲಿಸುತ್ತಿದ್ದರಂತೆ.

ಕಾಗದದ ವಿಷಯ ಚಿಕ್ಕದಾಗಿ, ಆದರೆ ಬಿಡದೆ ಹೇಳಬೇಕು. ಮನೆಯ ಶೆಡ್ಡಿನಲ್ಲಿ ಮಾಡಿದರೂ ಇದು ಮನೆಯ ವಿಷಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಹೇಳಿದ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಒಪ್ಪದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ ಎಂದಿತು. ಈ ಜೀಪಿನ ಆರ್‌ಸಿಯಲ್ಲಿ ಡೀಸೆಲ್ ಎಂದೂ ಪ್ಯೂಜೊ ಎಂಜಿನ್ನಿನ ನಂಬರೂ ಆಗಲೇ ಬರೆದಿದೆ. ಹಾಗಿದ್ದರೂ ಅದೇ ಜಾತಿಯ ಇನ್ನೊಂದು ಎಂಜಿನ್ನಿಗೆ ಗೆಳೆಯ ಮೊದಲು ಆರ್‌ಟಿಒ ಮೆಟ್ಟಿಲು ಹತ್ತಿ, ಆಮೇಲೆ ಸ್ಪ್ಯಾನರು ಹಿಡಿದ. ಪಾರ್ಟ್ಸ್ ಗಾಡಿಯ ಕಾಗದವೂ ಅಷ್ಟೇ ಮುಖ್ಯ. ಗಾಡಿ ಇನ್ನು ಓಡುವುದಿಲ್ಲ ಎಂದಾದರೆ ಮಾಲೀಕ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಎಂಜಿನ್ ನಂಬರು, ಚಾಸಿ ನಂಬರು ಆರ್‌ಸಿಗೆ ತಾಳೆಯಾಗದ ಗಾಡಿಯನ್ನು ಅಗ್ಗವೆಂದು ಕೊಂಡರೆ ಬಿಚ್ಚುವ ಕೆಲಸ ಪೊಲೀಸ್ ಠಾಣೆಯ ಅಂಗಳದಲ್ಲಿ ಮುಂದುವರಿಯುತ್ತದೆ.

ಈ ಕಸುಬಿಗೆ ಇನ್ನೆಷ್ಟು ದಿನ? ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನುಗಳಲ್ಲಿ ಸ್ಪ್ಯಾನರಿಗಿಂತ ವೈರಿನ ಕೆಲಸ ಜಾಸ್ತಿ. ಇಸಿಎಂ ಎಂಬ ಎಂಜಿನ್ನಿನ ಕಂಪ್ಯೂಟರು, ಆಕ್ಸಿಲರೇಟರ್ ಪೆಡಲ್ಲು, ಮೀಟರು, ಕೊನೆಗೆ ಆ ಗಾಡಿಯ ಬೀಗದ ಕೈ, ಎಲ್ಲ ಒಂದೇ ಬಳಗವಾಗಿ ಬಂದರೆ ಮಾತ್ರ ಎಂಜಿನ್ನು ಮಾತಾಡುತ್ತದೆ. ದರದ ಅಂತರವೂ ಕರಗಿದೆ, ಲಾಭಕ್ಕೆಂದು ಇದನ್ನು ಮಾಡುವ ಕಾಲ ಹೋಯಿತು. ಅಪ್ಪನ ಜೀಪು ಎಂಬ ಒಂದೇ ಕಾರಣಕ್ಕೆ ನಾಲ್ಕು ಭಾನುವಾರ ಎಣ್ಣೆ ಮೆತ್ತಿಕೊಂಡ ಗೆಳೆಯನನ್ನು ಲೆಕ್ಕ ಕೇಳುವುದು ನನಗೂ ಸರಿಕಾಣಲಿಲ್ಲ.

ನಾಲ್ಕನೇ ವಾರ ಎಂಜಿನ್ ಎತ್ತಿದರು. ಶೀಟಿನ ತೊಲೆಗೆ ಚೈನ್ ಬ್ಲಾಕು ಕಟ್ಟೋಣ ಎಂದದ್ದಕ್ಕೆ ಮೇಸ್ತ್ರಿ ನಕ್ಕು, ಮೂರು ದಪ್ಪ ಪೈಪುಗಳ ಮುಕ್ಕಾಲಿ ತರಿಸಿದರು. ಎಂಜಿನ್ನು, ಕ್ಲಚ್ಚು, ಗೇರ್ ಬಾಕ್ಸು ಬಿಡಿಸದೆ ಒಂದೇ ಗಂಟು. ಮೂತಿ ಮೇಲಾಗಿ ಬಾಲ ಕೆಳಗಾಗಿ ಅದು ಗೂಡಿನಿಂದ ಹೊರಬರುವಾಗ ಯಾರೂ ಮಾತಾಡಲಿಲ್ಲ. ಸರಪಳಿ ಮಾತ್ರ ಕರಕರ ಅನ್ನುತ್ತಿತ್ತು. ತಂದೆಯ ಕಾಲದ ಅಡಾಪ್ಟರ್ ಪ್ಲೇಟು ಗೋಡೆಗೆ ಒರಗಿಕೊಂಡಿತ್ತು. ಈ ಸಲ ಅದಕ್ಕೆ ಕೆಲಸವಿಲ್ಲ.

ಮಧ್ಯಾಹ್ನ ಗುಜರಿ ಕೇಂದ್ರದ ಟೆಂಪೊ ಬಂತು. ಖಾಲಿಯಾದ ಮೈಯನ್ನು ನಾಲ್ಕು ಜನ ಹಲಗೆಯ ಮೇಲೆ ಜಾರಿಸಿ ಹತ್ತಿಸಿದರು, ಡ್ರೈವರು ಹಗ್ಗ ಬಿಗಿದು ಗೇರು ಹಾಕಿದ. ಟೆಂಪೊ ಗೇಟು ದಾಟುವಾಗ ಮೇಸ್ತ್ರಿ ಕೈಯಲ್ಲಿದ್ದ ಚಹಾದ ಲೋಟ ಕಾಂಪೌಂಡಿನ ಮೇಲಿಟ್ಟು, “ಏ, ತಡಿಯಪ್ಪ, ತಡಿ” ಎಂದು ಕೂಗುತ್ತ ಓಡಿದರು. ಹಿಂದಿನಿಂದ ಹತ್ತಿ ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿದರು. ಇಳಿದಾಗ ಕೈಯಲ್ಲಿ ಒಂದು ಕಪ್ಪು ಗುಂಡಿ, ಅದಕ್ಕೆ ನೇತಾಡುವ ಮೂರಡಿ ಕೇಬಲ್ಲು.